ಮೊದಲ ಲಾರಿ ಕೆಲಸ ಮತ್ತು ಕೈಗೆ ಬಾರದ ಗೇರು: ಮಂಡ್ಯ, ಮೈಸೂರಿನ ಹೊಸ ಡ್ರೈವರ್‌ಗಳಿಗೆ

ಹೆವಿ ಲೈಸೆನ್ಸ್ ಬಂದು ಮೂರು ತಿಂಗಳಾಗಿದೆ. ನಾಲ್ಕು ಕಡೆ ಕೆಲಸ ಕೇಳಿದ್ದೀರಿ. ಎಲ್ಲ ಕಡೆಯೂ ಓನರ್ ಕೀ ಕೊಟ್ಟು, ಪಕ್ಕದಲ್ಲಿ ಕೂತು, "ಒಂದು ರೌಂಡ್ ಹೋಗು" ಅಂದಿದ್ದಾರೆ. ಸೆಕೆಂಡಿನಿಂದ ಥರ್ಡ್‌ಗೆ ಹಾಕುವಾಗ ಕರ್ರ್ ಎಂದಿದೆ. ಅಲ್ಲಿಗೆ ಮಾತು ಮುಗಿದಿದೆ. "ಇನ್ನೊಂದಷ್ಟು ದಿನ ಕಲ್ತು ಬಾ ಮಗ" ಎಂದು ಕಳಿಸಿದ್ದಾರೆ. ಎಲ್ಲಿ ಕಲಿಯಬೇಕು ಎಂದು ಮಾತ್ರ ಯಾರೂ ಹೇಳಿಲ್ಲ, ಅಲ್ವಾ?

ನನ್ನ ಮೊದಲ ಟ್ರಯಲ್‌ನಲ್ಲೂ ಇದೇ ಆಯಿತು. ಮಂಡ್ಯದ ನೂರಡಿ ರಸ್ತೆ, ಹದಿನಾಲ್ಕು ಅಡಿ ಕ್ಯಾಂಟರ್. ಥರ್ಡ್ ಎಂದುಕೊಂಡು ಫಿಫ್ತ್‌ಗೆ ತಳ್ಳಿದೆ. ಗಾಡಿ ಗಡಗಡ ನಡುಗಿ ಆಫ್ ಆಯಿತು. ಹಿಂದಿದ್ದ ಬಸ್ಸಿನವರು ಹಾರ್ನ್ ಒತ್ತಿ ಹಿಡಿದರು. ಓನರ್ ಬಾಯಿಗೆ ಬಂದಂತೆ ಬೈದು ಅಲ್ಲೇ ಇಳಿಸಿದರು. ತಪ್ಪು ಎಲ್ಲಾಯಿತು ಎಂದು ಹೇಳಿಕೊಟ್ಟವರು ಆ ಗಾಡಿಯ ಹಳೆ ಡ್ರೈವರಣ್ಣ. "ರಾಡ್‌ನ ನೀನು ನಿನ್ ಕಡೀಕೆ ಎಳೀತಿದ್ದೀಯ ಕಣ್ಲಾ. ಬಿಟ್ರೆ ಅದೇ ಮಧ್ಯಕ್ಕೆ ಬತ್ತದೆ. ನೆಟ್ಟಗೆ ಮುಂದಕ್ಕೆ ತಳ್ಳು, ಸಾಕು." ಒಂದು ತಿಂಗಳ ಡ್ರೈವಿಂಗ್ ಸ್ಕೂಲಿನಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಸ್ಕೂಲಿನವರದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಗಾಡಿ ಖಾಲಿ ಇರುತ್ತದೆ. ಪಕ್ಕದಲ್ಲಿ ಕಲಿಸುವವರ ಕಾಲ ಕೆಳಗೆ ಇನ್ನೊಂದು ಜೊತೆ ಪೆಡಲ್ ಇರುತ್ತದೆ. ಫಸ್ಟ್, ಸೆಕೆಂಡ್, ಹೆಚ್ಚೆಂದರೆ ಥರ್ಡ್‌ನಲ್ಲೇ ಪಾಠ ಮುಗಿಯುತ್ತದೆ. ಲೋಡ್ ಗಾಡಿ ಉಬ್ಬು ಹತ್ತುವಾಗ ಏನಾಗುತ್ತದೆ ಎಂದು ಅಲ್ಲಿ ಗೊತ್ತಾಗುವುದಿಲ್ಲ. ಹೊರಗೆ ಬಂದರೆ ಅನುಭವ ಇಲ್ಲದೆ ಗಾಡಿ ಕೊಡುವುದಿಲ್ಲ, ಗಾಡಿ ಇಲ್ಲದೆ ಅನುಭವ ಬರುವುದಿಲ್ಲ.

ಈ ಗಂಟು ಬಿಚ್ಚಲು ನನಗೆ ಗೊತ್ತಿರುವ ದಾರಿ ಒಂದೇ. ಮೊದಲ ಕೆಲಸವನ್ನು ಸಂಬಳ ನೋಡಿ ಆರಿಸಬೇಡಿ. ಗೇರು ಕಲಿಸುವ ಗಾಡಿ, ಗೇರು ಕಲಿಸುವ ರಸ್ತೆ ನೋಡಿ ಆರಿಸಿ. ಆರು ತಿಂಗಳಿಂದ ಒಂದು ವರ್ಷ ಸಾಕು. ಅದಕ್ಕೆ ಹೇಗೆ ತಯಾರಾಗಬೇಕು ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲು ಕಾಗದ ಸರಿ ಇರಲಿ

ಇದನ್ನು ಬೇಗ ಮುಗಿಸೋಣ. ಟ್ರಾನ್ಸ್‌ಪೋರ್ಟ್ ಗಾಡಿಯ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಕನಿಷ್ಠ 1 ವರ್ಷ ಆಗಿರಬೇಕು. ಡ್ರೈವಿಂಗ್ ಸ್ಕೂಲಿನ ಫಾರಂ 5 ಮತ್ತು ಡಾಕ್ಟರು ಕೊಡುವ ಫಾರಂ 1ಎ ಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಎಂಬ ನಿಯಮವನ್ನು 2019ರಲ್ಲಿ ತೆಗೆದಿದ್ದಾರೆ. ಆದ್ದರಿಂದ ಓದು ಕಡಿಮೆ ಎಂದು ಹಿಂಜರಿಯಬೇಡಿ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) 6 ತಿಂಗಳು ನಡೆಯುತ್ತದೆ, 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು. ಅರ್ಜಿ ಹಾಕುವುದು ಸಾರಥಿ ವೆಬ್‌ಸೈಟಿನಲ್ಲಿ. ಟ್ರಾನ್ಸ್‌ಪೋರ್ಟ್ ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು.

ಇನ್ನೊಂದು ವಿಷಯ ತುಂಬ ಹುಡುಗರಿಗೆ ಗೊತ್ತಿಲ್ಲ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿದೆ. ಗಾಡಿ, ಲೋಡ್ ಸೇರಿ ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು. ಅಂದರೆ ಟಾಟಾ ಏಸ್, ಬೊಲೆರೊ ಪಿಕಪ್, ಕೆಲವು ಸಣ್ಣ ಕ್ಯಾಂಟರ್‌ಗಳಿಗೆ ಹೆವಿ ಲೈಸೆನ್ಸ್ ಬರುವ ತನಕ ಕಾಯಬೇಕಿಲ್ಲ. ಆದರೆ ಗಾಡಿ ನೋಡಿ ಅಂದಾಜು ಮಾಡಬೇಡಿ. ಆರ್‌ಸಿ ಕೇಳಿ, ಅದರಲ್ಲಿ ಗ್ರಾಸ್ ವೆಹಿಕಲ್ ವೈಟ್ ಎಷ್ಟು ಬರೆದಿದೆ ನೋಡಿ. ಒಂದೇ ತರ ಕಾಣುವ ಎರಡು ಕ್ಯಾಂಟರ್‌ಗಳಲ್ಲಿ ಒಂದು 7,500ರ ಒಳಗಿರಬಹುದು, ಇನ್ನೊಂದು ದಾಟಿರಬಹುದು. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಅದನ್ನು.

ಇಂಜಿನ್ ಆಫ್ ಮಾಡಿ ಗೇರು ಕಲಿಯಿರಿ

ಪರಿಚಯದ ಡ್ರೈವರಣ್ಣ ಯಾರಾದರೂ ಇದ್ದರೆ ಒಂದು ಸಹಾಯ ಕೇಳಿ. ಗಾಡಿ ಓಡಿಸಲು ಕೊಡಿ ಎಂದು ಕೇಳಬೇಡಿ, ಯಾರೂ ಕೊಡುವುದಿಲ್ಲ. "ಅಣ್ಣ, ಲೋಡಿಗೆ ನಿಂತಿರುವಾಗ ಅರ್ಧ ಗಂಟೆ ಸೀಟಿನಲ್ಲಿ ಕೂತುಕೊಳ್ಳಲಾ?" ಎಂದು ಕೇಳಿ. ಇದಕ್ಕೆ ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ.

ಮೊದಲು ಸೀಟು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಕಾಲು ನೆಟ್ಟಗಾದರೆ ಕ್ಲಚ್ ಪೂರ್ತಿ ಹೋಗುತ್ತಿಲ್ಲ ಎಂದರ್ಥ. ಗೇರು ಕರ್ರ್ ಎನ್ನುವುದಕ್ಕೆ ನಾನು ಕಂಡ ಕಾರಣಗಳಲ್ಲಿ ಅರ್ಧ ಇದೇ. ತಪ್ಪು ಗೇರಿನದ್ದಲ್ಲ, ಕ್ಲಚ್ಚಿನದ್ದು. ಹವಾಯಿ ಚಪ್ಪಲಿ ಬೇಡ, ಪೆಡಲ್ ಕೆಳಗೆ ಸಿಕ್ಕಿಕೊಳ್ಳುತ್ತದೆ. ತೆಳು ಅಟ್ಟೆಯ ಶೂ ಹಾಕಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಪಾದಕ್ಕೆ ಗೊತ್ತಾಗಬೇಕು.

ಆಮೇಲೆ ರಾಡಿನ ಗುಬುಟಿನ ಮೇಲಿರುವ ಗೇರಿನ ನಕ್ಷೆ ನೋಡಿ. ಎಲ್ಲ ಗಾಡಿಯಲ್ಲೂ ಒಂದೇ ತರ ಇರುವುದಿಲ್ಲ. ಕೆಲವು ಗಾಡಿಯಲ್ಲಿ ಫಸ್ಟ್ ಮತ್ತು ಸೆಕೆಂಡ್ ಎದುರುಬದುರು. ಕೆಲವು ದೊಡ್ಡ ಗಾಡಿಗಳಲ್ಲಿ ಫಸ್ಟಿನ ಎದುರು ರಿವರ್ಸ್ ಇರುತ್ತದೆ, ಸೆಕೆಂಡ್ ಮತ್ತು ಥರ್ಡ್ ಮಧ್ಯದ ಸಾಲಿನಲ್ಲಿರುತ್ತವೆ. ನಕ್ಷೆ ಅಳಿಸಿಹೋಗಿದ್ದರೆ ಆ ಗಾಡಿಯ ಡ್ರೈವರನ್ನೇ ಕೇಳಿ.

ರಾಡನ್ನು ನ್ಯೂಟ್ರಲ್‌ಗೆ ತಂದು ಕೈ ಬಿಡಿ. ಅದು ತಾನಾಗಿ ಬಂದು ಒಂದು ಕಡೆ ನಿಲ್ಲುತ್ತದೆ, ಒಳಗೆ ಸ್ಪ್ರಿಂಗ್ ಇದೆ. ಸಾಮಾನ್ಯವಾಗಿ ಅದು ನಿಲ್ಲುವುದು ಮಧ್ಯದ ಸಾಲಿನಲ್ಲಿ. ಫಸ್ಟ್, ಸೆಕೆಂಡ್ ಎಡಗಡೆ ಸಾಲಿನಲ್ಲಿರುವ ಗಾಡಿಯಾದರೆ ಸೆಕೆಂಡಿನಿಂದ ಥರ್ಡ್‌ಗೆ ಹೋಗಲು ಮಾಡಬೇಕಾದದ್ದು ಇಷ್ಟೇ: ನ್ಯೂಟ್ರಲ್‌ಗೆ ತನ್ನಿ, ಕೈ ಸಡಿಲ ಬಿಡಿ, ಅದು ಮಧ್ಯಕ್ಕೆ ಬರಲಿ, ನೇರ ಮುಂದಕ್ಕೆ ತಳ್ಳಿ. ನಾನು ಮಾಡಿದ ತಪ್ಪು, ಹೊಸಬರೆಲ್ಲ ಮಾಡುವ ತಪ್ಪು, ಬಿಗಿಯಾಗಿ ಹಿಡಿದು ನಮ್ಮ ಕಡೆಗೆ ಎಳೆಯುವುದು. ಆಗ ಅದು ಫಿಫ್ತ್‌ನ ಸಾಲಿಗೆ ಹೋಗುತ್ತದೆ.

ಅಂಗೈ ಇಡುವ ರೀತಿಯೂ ಮುಖ್ಯ. ಎಡಗಡೆ ಸಾಲಿಗೆ ಹೋಗಬೇಕಾದರೆ ಅಂಗೈ ಕ್ಲೀನರ್ ಕಡೆ ನೋಡಲಿ, ರಾಡನ್ನು ಆ ಕಡೆಗೆ ಒತ್ತಿ. ಬಲಗಡೆ ಸಾಲಿಗಾದರೆ ಅಂಗೈ ನಿಮ್ಮ ಕಡೆ ತಿರುಗಿರಲಿ, ಬೆರಳಲ್ಲಿ ಎಳೆಯಿರಿ. ಮಧ್ಯದ ಸಾಲಿಗೆ ಅಂಗೈ ಸುಮ್ನೆ ಮೇಲಿದ್ದರೆ ಸಾಕು. ಮುಷ್ಟಿ ಕಟ್ಟಬೇಡಿ.

ಈಗ ಕ್ಲಚ್ ಒತ್ತಿ, ಎದುರಿನ ಗಾಜಿನ ಆಚೆ ನೋಡುತ್ತಾ, ಬಾಯಲ್ಲಿ ಹೇಳಿಕೊಳ್ಳುತ್ತಾ ಹಾಕಿ. ಒಂದು, ನ್ಯೂಟ್ರಲ್, ಎರಡು. ಎರಡು, ನ್ಯೂಟ್ರಲ್, ಮೂರು. ಮತ್ತೆ ಮೇಲಿಂದ ಕೆಳಕ್ಕೆ. ನಿಂತ ಗಾಡಿಯಲ್ಲಿ ಕೆಲವು ಸಲ ಗೇರು ಬೀಳುವುದಿಲ್ಲ, ಒಳಗೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ. ಜೋರು ಮಾಡಬೇಡಿ. ಬೇರೆ ಗೇರಿಗೆ ಹಾಕಿ ಮತ್ತೆ ಬನ್ನಿ. ಹೀಗೆ ಒಂದು ವಾರ, ದಿನಕ್ಕೆ ಅರ್ಧ ಗಂಟೆ. ಕಣ್ಣು ರಾಡಿನ ಕಡೆ ಹೋಗದೆ ಕೈ ತಾನೇ ಹೋಗುವ ತನಕ ಬಿಡಬೇಡಿ. ಗಾಡಿ ಓಡುವಾಗ ಒಂದು ಕ್ಷಣ ಕಣ್ಣು ಕೆಳಗೆ ಹೋದರೂ ಎದುರಿಗೆ ಬಂದ ಬೈಕ್ ಕಾಣುವುದಿಲ್ಲ.

ಗೇರು ಬೀಳುವುದು ಕಿವಿಯಿಂದ

ಕೆಲವರು ಗೇರು ಬೀಳದಿದ್ದರೆ ತೋಳಿನ ಬಲ ಹಾಕುತ್ತಾರೆ. ಒಳಗೆ ಏನು ನಡೆಯುತ್ತದೆ ಎಂದು ಗೊತ್ತಾದರೆ ಆ ಅಭ್ಯಾಸ ತಾನೇ ಹೋಗುತ್ತದೆ.

ಗೇರ್ ಬಾಕ್ಸಿನ ಒಳಗೆ ಒಂದು ಶಾಫ್ಟ್ ಇಂಜಿನ್ ಜೊತೆ ತಿರುಗುತ್ತದೆ, ಇನ್ನೊಂದು ಚಕ್ರದ ಜೊತೆ. ಎರಡೂ ಬೇರೆ ಬೇರೆ ವೇಗದಲ್ಲಿರುವಾಗ ಹಲ್ಲು ಕೂಡಿಸಲು ಹೋದರೆ ಕರ್ರ್ ಎನ್ನುತ್ತದೆ. ಈಗಿನ ಗಾಡಿಗಳಲ್ಲಿ ಸಿಂಕ್ರೋ ರಿಂಗ್ ಇರುತ್ತದೆ, ಸಾಮಾನ್ಯವಾಗಿ ಹಿತ್ತಾಳೆಯದ್ದು. ಹಲ್ಲು ಕೂಡುವ ಮೊದಲು ಆ ರಿಂಗ್ ಉಜ್ಜಿ ಎರಡನ್ನೂ ಒಂದೇ ವೇಗಕ್ಕೆ ತರುತ್ತದೆ. ಅದಕ್ಕೆ ಒಂದು ಕ್ಷಣ ಬೇಕು. ನೀವು ಆ ಕ್ಷಣ ಕೊಟ್ಟರೆ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ. ಕೊಡದಿದ್ದರೆ ರಿಂಗ್ ಸವೆಯುತ್ತದೆ. ಸವೆದ ಮೇಲೆ ಯಾರು ಹಾಕಿದರೂ ಕರ್ರ್ ಎನ್ನುತ್ತದೆ. ಆದ್ದರಿಂದ ನ್ಯೂಟ್ರಲ್‌ನಲ್ಲಿ ಒಂದು ಸಣ್ಣ ತಡೆ, ಆಮೇಲೆ ಹದವಾದ ಒತ್ತಡ. ನನ್ನ ಗುರು ಹೇಳುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ: "ನಿಧಾನಕ್ಕೆ ಹಾಕ್ಲಾ ಮಗ, ಗೇರೇನು ಓಡೋಗಲ್ಲ."

ಮೇಲಿನ ಗೇರಿಗೆ ಯಾವಾಗ ಹಾಕಬೇಕು? ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರ್ ಇದ್ದರೆ ಅದರಲ್ಲಿ ಹಸಿರು ಪಟ್ಟಿ ಇರುತ್ತದೆ. ತುಂಬ ಲಾರಿಗಳಲ್ಲಿ ಅದು ಹೆಚ್ಚು ಕಡಿಮೆ 1,200ರಿಂದ 1,600 ಆರ್‌ಪಿಎಂ ಸುತ್ತಮುತ್ತ. ಮುಳ್ಳು ಹಸಿರಿನ ಮೇಲ್ತುದಿಗೆ ಬಂದಾಗ ಮೇಲಿನ ಗೇರು, ಕೆಳತುದಿಗೆ ಇಳಿದಾಗ ಕೆಳಗಿನ ಗೇರು. ಹೊಸ ಗೇರು ಬಿದ್ದ ಮೇಲೂ ಮುಳ್ಳು ಹಸಿರಿನಲ್ಲೇ ಇದ್ದರೆ ನೀವು ಸರಿಯಾಗಿ ಹಾಕಿದಿರಿ. ಒಂದು ವಾರ ಮುಳ್ಳು ನೋಡಿಕೊಂಡು ಸದ್ದು ಕೇಳಿ. ಆಮೇಲೆ ಮುಳ್ಳು ನೋಡಬೇಕಾಗುವುದಿಲ್ಲ. ಬೇರೆಯವರ ಗಾಡಿಯಲ್ಲಿ, ಬಸ್ಸಿನಲ್ಲಿ ಹೋಗುವಾಗಲೂ ಕಣ್ಣು ಮುಚ್ಚಿ ಇಂಜಿನ್ ಸದ್ದು ಕೇಳಿ. ಈಗ ಹಾಕುತ್ತಾರೆ ಎಂದು ನೀವು ಅಂದುಕೊಂಡ ಕ್ಷಣದಲ್ಲೇ ಡ್ರೈವರ್ ಹಾಕಿದರೆ ನಿಮ್ಮ ಕಿವಿ ತಯಾರಾಗಿದೆ. ಮಂಡ್ಯದಿಂದ ಮೈಸೂರಿಗೆ ಊರೂರಿನಲ್ಲಿ ನಿಲ್ಲುತ್ತಾ ಹೋಗುವ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು ಹಿಡಿದು ಕೂತರೆ ಟಿಕೆಟ್ ದುಡ್ಡಿನಲ್ಲಿ ಒಳ್ಳೆ ಪಾಠ ಸಿಗುತ್ತದೆ.

ಗಾಡಿ ಎತ್ತುವ ಅಭ್ಯಾಸ ಹೀಗೆ ಮಾಡಿ. ಸಮತಟ್ಟಾದ ರಸ್ತೆ, ಫಸ್ಟ್ ಗೇರು. ಆಕ್ಸಿಲರೇಟರ್ ಮುಟ್ಟಬೇಡಿ. ಕ್ಲಚ್ಚನ್ನು ಮಾತ್ರ ನಿಧಾನವಾಗಿ ಬಿಡಿ. ಡೀಸೆಲ್ ಇಂಜಿನ್ನಿಗೆ ಕೆಳಗೇ ಬಲ ಇರುತ್ತದೆ, ರೇಸ್ ಇಲ್ಲದೆಯೇ ಗಾಡಿ ತೆವಳುತ್ತದೆ. ನಿಲ್ಲಿಸಿ, ಮತ್ತೆ ಎತ್ತಿ. ಐವತ್ತು ಸಲ ಮಾಡಿ. ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಕಾಲಿಗೆ ಗೊತ್ತಾದ ಮೇಲೆ ರೇಸ್ ಕೊಡಿ. ಹೊರಟ ಮೇಲೆ ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಂಡು ಓಡಿಸಬೇಡಿ. ಹಾಫ್ ಕ್ಲಚ್‌ನಲ್ಲಿ ಎಳೆದರೆ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಓನರ್‌ಗಳಿಗೆ ಆ ವಾಸನೆ ಎಲ್ಲಿಂದಲೂ ಗೊತ್ತಾಗುತ್ತದೆ.

ಕೆಳಗಿನ ಗೇರಿಗೆ ಬರುವುದು ಇನ್ನೂ ಕಷ್ಟ, ಅದಕ್ಕೇ ಹೊಸಬರು ಅಲ್ಲಿ ಜಾಸ್ತಿ ಎಡವುತ್ತಾರೆ. ಮೊದಲು ಬ್ರೇಕ್, ಆಮೇಲೆ ಗೇರು. ಆ ಗೇರಿಗೆ ತಕ್ಕ ವೇಗಕ್ಕೆ ಗಾಡಿ ಇಳಿಯದೆ ರಾಡ್ ಮುಟ್ಟಬೇಡಿ. ಹಳೆ ಗಾಡಿಯಲ್ಲಿ ಸಿಂಕ್ರೋ ಸೋತಿದ್ದರೆ, ಅಥವಾ ಮೊದಲಿನಿಂದಲೇ ಇಲ್ಲದಿದ್ದರೆ, ಡಬಲ್ ಕ್ಲಚ್ ಬೇಕು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಡಿ. ಸಣ್ಣದಾಗಿ ಒಂದು ರೇಸ್ ಕೊಡಿ. ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು ಹಾಕಿ. ಮಧ್ಯದ ಆ ರೇಸ್ ಶಾಫ್ಟಿನ ವೇಗ ಏರಿಸಿ ಹಲ್ಲು ಕೂಡಲು ದಾರಿ ಮಾಡುತ್ತದೆ. ಈಗಿನ ಗಾಡಿಗೆ ಇದು ಬೇಕಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಮ್ಮ ಕೈಗೆ ಮೊದಲು ಸಿಗುವುದು ಹೊಸ ಗಾಡಿ ಅಲ್ಲ, ಹತ್ತು ಜನ ಓಡಿಸಿ ಬಿಟ್ಟ ಗಾಡಿ.

ಹಳೆ ಗಾಡಿಗಳಲ್ಲಿ ಫಸ್ಟ್ ಮತ್ತು ರಿವರ್ಸ್‌ಗೆ ಸಿಂಕ್ರೋ ಇರುವುದು ಕಡಿಮೆ. ಗಾಡಿ ಪೂರ್ತಿ ನಿಂತ ಮೇಲೆ ಕ್ಲಚ್ ಒತ್ತಿ, ಎರಡು ಎಣಿಸಿ, ಆಮೇಲೆ ಹಾಕಿ.

ಏರು, ಇಳಿಜಾರು

ಏರು ಕಂಡಾಗಲೇ ಗೇರು ಇಳಿಸಿ, ಅರ್ಧಕ್ಕೆ ಹೋಗಿ ಇಂಜಿನ್ ಉಸಿರು ಕಟ್ಟಿದ ಮೇಲಲ್ಲ. ಲೋಡ್ ಗಾಡಿ ಏರಿನಲ್ಲಿ ನ್ಯೂಟ್ರಲ್‌ಗೆ ಬಂದ ಕೂಡಲೇ ವೇಗ ಸತ್ತುಹೋಗುತ್ತದೆ. ಅಲ್ಲಿ ಗೇರು ತಪ್ಪಿದರೆ ಮತ್ತೆ ಮತ್ತೆ ಹುಡುಕಬೇಡಿ. ಬ್ರೇಕ್ ಒತ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಇಂಡಿಕೇಟರ್ ಹಾಕಿ, ಫಸ್ಟ್‌ನಿಂದ ಎತ್ತಿ. ಕ್ಲಚ್ ಹಿಡಿದು ಗಾಡಿಯ ಮೂತಿ ಸ್ವಲ್ಪ ಎದ್ದಂತೆ ಆದಾಗ ಹ್ಯಾಂಡ್ ಬ್ರೇಕ್ ಬಿಡಬೇಕು. ಮೊದಲೇ ಬಿಟ್ಟರೆ ಹಿಂದಕ್ಕೆ ಜಾರುತ್ತದೆ.

ನಮ್ಮ ಕಡೆ ಅಭ್ಯಾಸಕ್ಕೆ ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಹತ್ತುವ ರಸ್ತೆ ಚೆನ್ನಾಗಿದೆ. ಸಣ್ಣ ಗಾಡಿ, ಬೆಳಗಿನ ಹೊತ್ತು, ಪಕ್ಕದಲ್ಲಿ ಅನುಭವಸ್ಥರು ಇರಲಿ. ಜಾತ್ರೆ, ವೈರಮುಡಿ ದಿನಗಳಲ್ಲಿ ಆ ಕಡೆ ಹೋಗಬೇಡಿ. ಸಮತಟ್ಟು ರಸ್ತೆ ಬೇಕಾದರೆ ಭಾನುವಾರ ಮೈಸೂರಿನ ಹೆಬ್ಬಾಳು ಅಥವಾ ಮಂಡ್ಯ ಕಡೆಯ ತೂಬಿನಕೆರೆ ಇಂಡಸ್ಟ್ರಿಯಲ್ ಏರಿಯಾದ ರಸ್ತೆಗಳು ಬಿಡುವಾಗಿರುತ್ತವೆ. ಎಲ್‌ಎಲ್‌ಆರ್ ಮಾತ್ರ ಇದ್ದರೆ ಎಲ್ ಬೋರ್ಡು ಮತ್ತು ಲೈಸೆನ್ಸ್ ಇರುವ ಕಲಿಸುವವರು ಪಕ್ಕದಲ್ಲಿ ಇರಲೇಬೇಕು.

ಇಳಿಜಾರಿನ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಡೀಸೆಲ್ ಉಳಿಯುತ್ತದೆ ಎಂದು ನ್ಯೂಟ್ರಲ್‌ನಲ್ಲಿ ಇಳಿಸಲು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಈಗಿನ ಇಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟರೆ, ಡೀಸೆಲ್ ಚಿಮ್ಮಿಸುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಉರಿಯುತ್ತಿರಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿಯುವುದೂ ಇಲ್ಲ, ಇಂಜಿನ್ನಿನ ಹಿಡಿತವೂ ಹೋಗುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಲೈನರ್ ಕಾದು ಹಿಡಿಯುವುದು ನಿಲ್ಲಿಸುತ್ತದೆ. ಪದೇ ಪದೇ ಒತ್ತಿದರೆ ಬ್ರೇಕ್ ಹಿಡಿಸುವ ಏರ್ ಕೂಡ ಖಾಲಿಯಾಗುತ್ತದೆ. ಯಾವ ಗೇರಿನಲ್ಲಿ ಆ ಏರು ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಎಕ್ಸಾಸ್ಟ್ ಬ್ರೇಕ್ ಇದ್ದರೆ ಹಾಕಿ. ವಯನಾಡಿನಿಂದ ಇಳಿಯುವ ತಾಮರಶ್ಶೇರಿ ಘಾಟಿನಲ್ಲಿ 9 ಹೇರ್‌ಪಿನ್ ತಿರುವು, ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂನಲ್ಲಿ 27. ಮೊದಲ ವರ್ಷ ಲೋಡ್ ಹೊತ್ತು ಒಬ್ಬರೇ ಆ ಕಡೆ ಹೋಗುವ ಕೆಲಸ ಒಪ್ಪಿಕೊಳ್ಳಬೇಡಿ. ಗುಂಡ್ಲುಪೇಟೆಯಿಂದ ಊಟಿ ಕಡೆಗೂ ಸುಲ್ತಾನ್ ಬತ್ತೇರಿ ಕಡೆಗೂ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ. ಅದು ಗೊತ್ತಿಲ್ಲದೆ ಬಾಡಿಗೆ ಒಪ್ಪಿದರೆ ಗೇಟಿಗೆ ಬೇಗ ಮುಟ್ಟುವ ಆತುರದಲ್ಲಿ ಗಾಡಿ ಓಡಿಸುತ್ತೀರಿ.

ಹೈ–ಲೋ ಸ್ವಿಚ್ ಇರುವ ಒಂಬತ್ತು ಗೇರಿನ ಗಾಡಿಗಳ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಅದು ಎರಡನೇ ವರ್ಷದ ಮಾತು.

ಕೆಲಸ ಎಲ್ಲಿ ಕೇಳಬೇಕು

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 118 ಕಿ.ಮೀ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಆ ರಸ್ತೆಯಲ್ಲಿ ಓಡುವ ಲೈನ್ ಗಾಡಿಯ ಕೆಲಸಕ್ಕೆ ಹುಡುಗರು ಆಸೆ ಪಡುತ್ತಾರೆ. ರಸ್ತೆ ಚೆನ್ನಾಗಿದೆ, ಸಂಬಳವೂ ಜಾಸ್ತಿ ಇರಬಹುದು. ಆದರೆ ಅದು ನಿಮಗೆ ಗೇರು ಕಲಿಸುವುದಿಲ್ಲ. ಟಾಪ್ ಗೇರಿಗೆ ಹಾಕಿದರೆ ಮುಗಿಯಿತು. ಆರು ತಿಂಗಳು ಅಲ್ಲಿ ಓಡಿಸಿದವನಿಗೆ ಒಂದು ಹಳ್ಳಿ ಸಂತೆಯೊಳಗೆ ಗಾಡಿ ನುಗ್ಗಿಸಿ ಎಂದರೆ ಕೈ ನಡುಗುತ್ತದೆ.

ನನ್ನ ಲೆಕ್ಕದಲ್ಲಿ ಮಂಡ್ಯ ಜಿಲ್ಲೆಯಲ್ಲಿ ಗೇರು ಕಲಿಯಲು ಒಳ್ಳೆ ಕೆಲಸ ಎಳನೀರಿನದು. ಮದ್ದೂರಿನ ಎಳನೀರು ಮಾರುಕಟ್ಟೆಗೆ ಸುತ್ತಲಿನ ಹಳ್ಳಿಗಳಿಂದ ಪಿಕಪ್, ಟೆಂಪೊಗಳಲ್ಲಿ ಕಾಯಿ ಬರುತ್ತದೆ. ಅಲ್ಲಿಂದ ದೊಡ್ಡ ಲಾರಿಗಳಲ್ಲಿ ಮುಂಬೈ, ದೆಹಲಿ ತನಕ ಹೋಗುತ್ತದೆ. ನೀವು ದೊಡ್ಡ ಲಾರಿ ಕೇಳಬೇಡಿ. ತೋಟದಿಂದ ಮಾರುಕಟ್ಟೆಗೆ ತರುವ ಸಣ್ಣ ಗಾಡಿ ಕೇಳಿ. ಹೋಗುವಾಗ ಖಾಲಿ, ಬರುವಾಗ ಲೋಡ್. ಕಿಲೋಮೀಟರಿಗೆ ಎರಡು ಹಂಪ್ಸ್. ತೋಟದ ದಾರಿಯಲ್ಲಿ ರಿವರ್ಸ್. ದಿನಕ್ಕೆ ನೂರಾರು ಸಲ ಗೇರು ಬದಲಾಯಿಸುತ್ತೀರಿ. ಎರಡು ತಿಂಗಳಲ್ಲಿ ಕೈ ಕೂರುತ್ತದೆ.

ಅದೇ ತರಹದ ಕೆಲಸ ಅಕ್ಕಿ ಗಿರಣಿಗಳಲ್ಲಿ, ಮೈಸೂರಿನ ಬಂಡೀಪಾಳ್ಯ ಎಪಿಎಂಸಿಯಲ್ಲಿ, ಹಾಲಿನ ಗಾಡಿಗಳಲ್ಲಿ, ಸಿಮೆಂಟ್ ಮತ್ತು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಹೆಬ್ಬಾಳು, ಮೇಟಗಳ್ಳಿ, ಹೂಟಗಳ್ಳಿ, ನಂಜನಗೂಡಿನ ಫ್ಯಾಕ್ಟರಿಗಳಿಗೆ ಒಳಗಿಂದೊಳಗೆ ಮಾಲು ಸಾಗಿಸುವ ಕ್ಯಾಂಟರ್‌ಗಳೂ ಇವೆ. ಬೆಳಗ್ಗೆ ಆರೂವರೆ, ಏಳು ಗಂಟೆಗೆ ಹೋಗಿ. ಹತ್ತು ಗಂಟೆಗೆ ಹೋದರೆ ಎಲ್ಲ ಗಾಡಿ ಹೊರಟುಹೋಗಿರುತ್ತವೆ. ಯಾವುದೋ ಡ್ರೈವರ್ ರಜ ಹಾಕಿರುವುದು ಗೊತ್ತಾಗುವುದು ಆರೂವರೆ, ಏಳರ ಹೊತ್ತಿಗೇ.

ಕಬ್ಬಿನ ಲೋಡು ಮೊದಲ ಕೆಲಸಕ್ಕೆ ಬೇಡ. ಗದ್ದೆಯ ಮಣ್ಣು ಮೆತ್ತಗಿರುತ್ತದೆ, ಲೋಡು ಎತ್ತರ ಇರುತ್ತದೆ, ನಾಲೆ ಏರಿಯ ಮೇಲೆ ಹೋಗಬೇಕು. ಅಲ್ಲಿ ಗೇರು ತಪ್ಪಿ ಗಾಡಿ ಹಿಂದಕ್ಕೆ ಜಾರಿದರೆ ಸರಿ ಮಾಡಿಕೊಳ್ಳಲು ಜಾಗವೇ ಇಲ್ಲ.

ನೇರವಾಗಿ ಡ್ರೈವರ್ ಕೆಲಸ ಸಿಗದಿದ್ದರೆ ಕ್ಲೀನರ್ ಆಗಿ ಸೇರಿ. ಲೈಸೆನ್ಸ್ ಇದ್ದೂ ಕ್ಲೀನರ್ ಆಗುವುದಾ ಎಂದು ಬೇಜಾರು ಮಾಡಿಕೊಳ್ಳಬೇಡಿ. ಸೇರುವಾಗಲೇ ಡ್ರೈವರಣ್ಣನ ಹತ್ತಿರ ಮಾತಾಡಿಕೊಳ್ಳಿ: ಗಾಡಿ ಖಾಲಿ ಬರುವಾಗ, ಓನರ್ ಒಪ್ಪಿದರೆ, ನನಗೆ ಕೊಡಿ ಎಂದು. ಒಳ್ಳೆ ಗುರು ಸಿಕ್ಕರೆ ಮೂರು ತಿಂಗಳ ಕ್ಲೀನರ್ ಕೆಲಸ ಒಂದು ವರ್ಷದ ಓಡಾಟಕ್ಕೆ ಸಮ. ಕಲಿಸುವವರು ಕುಡಿದು ಓಡಿಸುವವರಾದರೆ ಮಾತ್ರ ಮೊದಲ ದಿನವೇ ಇಳಿದುಬಿಡಿ.

ಹೊಸ ಲಾರಿಗಳಲ್ಲಿ ಕ್ಲಚ್ ಇಲ್ಲದ ಗೇರ್ ಬರುತ್ತಿದೆ, ಇನ್ನು ಇದೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. ಗಾಡಿಗಳು ಬದಲಾಗುತ್ತಿರುವುದು ನಿಜ. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ 2025ರಲ್ಲಿ ಎಸಿ ಕಡ್ಡಾಯ ಮಾಡಿದ್ದಾರೆ, ಡ್ರೈವರ್‌ಗಳಿಗೆ ಅದು ಬರಬೇಕಾಗಿದ್ದದ್ದೇ. ಆದರೆ ಹೊಸಬರಿಗೆ ಕೆಲಸ ಕೊಡುವ ಸಣ್ಣ ಓನರ್‌ಗಳು ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಗಾಡಿ. ಅದರಲ್ಲಿ ಕ್ಲಚ್ಚೂ ಇರುತ್ತದೆ, ರಾಡೂ ಇರುತ್ತದೆ.

ಟ್ರಯಲ್ ದಿನ

ಹೋದ ಕೂಡಲೇ ಸೀಟಿಗೆ ಹತ್ತಬೇಡಿ. ಗಾಡಿಯನ್ನು ಒಂದು ಸುತ್ತು ಹಾಕಿ. ಟೈರ್ ನೋಡಿ, ಕೆಳಗೆ ಆಯಿಲ್ ಸೋರಿದೆಯಾ ನೋಡಿ. ಹತ್ತಿದ ಮೇಲೆ ಸೀಟು, ಕನ್ನಡಿ ಸರಿ ಮಾಡಿಕೊಳ್ಳಿ. ಏರ್ ಮೀಟರ್ ಮೇಲೇರುವ ತನಕ ಕಾಯಿರಿ. ಆಮೇಲೆ ಕೇಳಿ: "ಅಣ್ಣ, ಇದರಲ್ಲಿ ಗೇರು ಹೆಂಗೆ ಬೀಳುತ್ತೆ? ರಿವರ್ಸ್ ಎಲ್ಲಿದೆ?" ಹೀಗೆ ಕೇಳಿದರೆ ಮರ್ಯಾದೆ ಹೋಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಈಗ ನಾನೇ ಹುಡುಗರ ಟ್ರಯಲ್ ನೋಡುತ್ತೇನೆ. ಕೇಳಿದ ಹುಡುಗನ ಮೇಲೆ ನನಗೆ ನಂಬಿಕೆ ಬರುತ್ತದೆ.

ಅನುಭವದ ವಿಷಯದಲ್ಲಿ ಸುಳ್ಳು ಹೇಳಬೇಡಿ. ಮೂರು ವರ್ಷ ಓಡಿಸಿದ್ದೇನೆ ಎಂದು ಹೇಳಿ ಗೇರು ಕರ್ರ್ ಅನ್ನಿಸಿದರೆ ಕೆಲಸವೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ. "ಲೈಸೆನ್ಸ್ ಹೊಸದು ಸಾರ್. ಪಿಕಪ್ ಓಡಿಸಿದ್ದೀನಿ. ಕ್ಯಾಂಟರ್ ಗೇರು ಇನ್ನೂ ಕೂರಬೇಕು. ಹದಿನೈದು ದಿನ ಹಳೆ ಡ್ರೈವರ್ ಜೊತೆ ಕಳಿಸಿ" ಎನ್ನಿ. ಇದನ್ನು ಕೇಳಿ ಇಲ್ಲ ಅನ್ನುವವರೂ ಇರುತ್ತಾರೆ. ಒಪ್ಪಿದವರ ಹತ್ತಿರ ನೀವು ನಿಲ್ಲುತ್ತೀರಿ.

ಖಾಲಿ ಗಾಡಿಯಾದರೆ, ಆರು ಗೇರಿನದ್ದಾದರೆ, ಸೆಕೆಂಡಿನಲ್ಲೇ ಎತ್ತಬಹುದು. ಮೊದಲು ಕೇಳಿಕೊಳ್ಳಿ. ಓಡುವಾಗ ಗೇರು ತಪ್ಪಿದರೆ ರಾಡಿನ ಜೊತೆ ಜಗಳ ಆಡಬೇಡಿ. ನ್ಯೂಟ್ರಲ್‌ಗೆ ತನ್ನಿ. ರಸ್ತೆ ನೋಡಿ. ಗಾಡಿ ಈಗ ಎಷ್ಟು ವೇಗದಲ್ಲಿದೆಯೋ ಅದಕ್ಕೆ ತಕ್ಕ ಗೇರು ಹಾಕಿ. ಒಂದು ಗೇರು ತಪ್ಪಿದ್ದಕ್ಕೆ ತಿಳಿದವರು ಯಾರೂ ಬೇಡ ಅನ್ನುವುದಿಲ್ಲ. ತಪ್ಪಿದಾಗ ಗಾಬರಿಯಾಗಿ ಸ್ಟೇರಿಂಗ್ ಬಿಟ್ಟರೆ, ಕಣ್ಣು ಕೆಳಗಿಟ್ಟರೆ ಬೇಡ ಅನ್ನುತ್ತಾರೆ.

ಕೆಲಸ ಒಪ್ಪುವ ಮುಂಚೆ ಮಾತು ಬಿಡಿಸಿಕೊಳ್ಳಿ. ಸಂಬಳ ತಿಂಗಳಿಗಾ, ಟ್ರಿಪ್ಪಿಗಾ? ದಿನದ ಖರ್ಚಿಗೆ ಕೊಡುವ ಬಾಟಾ ಎಷ್ಟು? ಕ್ಲಚ್ ಪ್ಲೇಟ್ ಹೋದರೆ, ಬಾಡಿ ತಾಗಿದರೆ ಯಾರು ಕಟ್ಟಬೇಕು? ಹೊಸಬರ ಸಂಬಳದಲ್ಲಿ ರಿಪೇರಿ ಹಿಡಿದುಕೊಳ್ಳುವವರಿದ್ದಾರೆ, ನನಗೂ ಎರಡು ತಿಂಗಳು ಹಾಗೆ ಹಿಡಿದಿದ್ದರು. ಮೊದಲೇ ಕೇಳಿದ್ದರೆ ನಾನು ಅಲ್ಲಿ ಸೇರುತ್ತಲೇ ಇರಲಿಲ್ಲ. ಒರಿಜಿನಲ್ ಲೈಸೆನ್ಸನ್ನು ಅಡ ಇಟ್ಟಂತೆ ಕೊಡಬೇಡಿ, ಜೆರಾಕ್ಸ್ ಕೊಡಿ. ಕೆಲಸ ಕೊಡಿಸುತ್ತೇನೆ ಎಂದು ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಗಾಡಿಯ ಎಫ್‌ಸಿ, ಇನ್ಶೂರೆನ್ಸ್ ನಡೆಯುತ್ತಿದೆಯಾ ನೋಡಿ. ಓವರ್‌ಲೋಡ್ ಹಾಕಿ ಕಳಿಸುವ ಜಾಗ ಹೊಸಬರಿಗೆ ಇನ್ನೂ ಕೆಟ್ಟದ್ದು. ಬ್ರೇಕ್ ಎಲ್ಲಿ ಹಿಡಿಯುತ್ತದೆ, ಗೇರು ಯಾವಾಗ ಇಳಿಸಬೇಕು ಎಂದು ಕಲಿತ ಅಳತೆ ಎಲ್ಲ ತಪ್ಪಿಹೋಗುತ್ತದೆ.

ಮೊದಲ ತಿಂಗಳು

ಕೆಲಸ ಸಿಕ್ಕ ಮೇಲೆ ಎರಡು ವಾರ ಎಡಗಾಲು ನೋಯುತ್ತದೆ, ಎಡ ಭುಜವೂ ನೋಯುತ್ತದೆ. ಬಿಗಿ ಹಿಡಿಯುವುದು ಕಡಿಮೆಯಾದಂತೆ ನೋವೂ ಕಡಿಮೆಯಾಗುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡು ನಿಲ್ಲಬೇಡಿ. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲು ತೆಗೆಯಿರಿ. ಸತತವಾಗಿ ಓಡಿಸಿ ಐದು ಗಂಟೆ ಆಗುವ ಮುಂಚೆಯೇ ಅರ್ಧ ಗಂಟೆ ಇಳಿದು ಓಡಾಡಿ. ದಣಿದ ಕಾಲು ಕ್ಲಚ್ಚನ್ನು ಪೂರ್ತಿ ಒತ್ತುವುದಿಲ್ಲ, ಸಂಜೆ ಹೊತ್ತು ಗೇರು ಮತ್ತೆ ಕರ್ರ್ ಎನ್ನಲು ಶುರುವಾಗುವುದು ಅದಕ್ಕೇ.

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ದಿನಾ ಎಲ್ಲಿ ಗೇರು ತಪ್ಪಿತು ಎಂದು ಬರೆಯಿರಿ. ಯಾವ ಹಂಪ್ಸ್, ಯಾವ ತಿರುವು, ಲೋಡಾ ಖಾಲಿಯಾ. ನಾನು ಹೀಗೆ ಬರೆದಾಗ ಹದಿನೈದು ದಿನದಲ್ಲಿ ಒಂದು ವಿಷಯ ಗೊತ್ತಾಯಿತು. ತಪ್ಪಿದ್ದೆಲ್ಲ ಹೆಚ್ಚುಕಡಿಮೆ ಒಂದೇ ಕಡೆ, ಲೋಡಿನಲ್ಲಿ ಫೋರ್ತ್‌ನಿಂದ ಥರ್ಡ್‌ಗೆ ಇಳಿಯುವಾಗ. ಅದೊಂದನ್ನೇ ಹಿಡಿದು ಅಭ್ಯಾಸ ಮಾಡಿದೆ.

ಪಕ್ಕದಲ್ಲಿ ಕೂತ ಹಳೆ ಡ್ರೈವರ್ ನಿಮ್ಮ ಕೈ ನೋಡುವುದನ್ನು ಬಿಟ್ಟು ಕಿಟಕಿ ಆಚೆ ನೋಡಲು ಶುರು ಮಾಡುವ ತನಕ ದೊಡ್ಡ ಗಾಡಿ ಕೇಳಬೇಡಿ. ಆಮೇಲೆ ಕೇಳುವಾಗ ಲೋಡಿನ ಟ್ರಿಪ್ ಕೇಳಬೇಡಿ. ಹತ್ತು ಚಕ್ರದ ಗಾಡಿ ಯಾವತ್ತು ಖಾಲಿ ವಾಪಸ್ ಬರುತ್ತದೆ ಎಂದು ತಿಳಿದುಕೊಂಡು, ಆ ದಿನ ಊರಾಚೆಯ ತನಕ ಹೋಗಿ ಕಾದು ನಿಂತು, ಅಲ್ಲಿಂದ ಗೋಡೌನ್ ತನಕ ಕೊಡಿ ಎಂದು ಕೇಳಿ.